ದೊಡ್ಡ ಊರಿನಲ್ಲಿ ಚಿಕ್ಕಮ್ಮ

ನವೆಂಬರ್ ೧೨, ಗುರುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಚಿಕ್ಕಮ್ಮನ ಮುತ್ತುಗಳು. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಅಕ್ಕ, ಭಾವ, ನೀನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮುನಿಸಿಕೊಂಡಿರುತ್ತೀಯ, ಗೊತ್ತು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನೀನು. ಪರೀಕ್ಷೆ ಇತ್ತು, ನೆಗಡಿಯಾಗಿತ್ತು ಎಂದೆಲ್ಲ ಬರೆಯಬಹುದು. ಆದರೆ ನಿಜ ಏನೆಂದರೆ, "ಮದುವೆ ಗೊತ್ತಾಯ್ತು ಚಿಕ್ಕಮ್ಮ, ಯಾವಾಗ ಬರ್ತೀಯ?" ಎಂದು ನೀನು ಒಂದೇ ಸಾಲಿನಲ್ಲಿ ಕೇಳಿದ್ದೆಯಲ್ಲ, ಆ ಸಾಲನ್ನು ಓದಿ ಕಾಗದವನ್ನು ದಿಂಬಿನ ಕೆಳಗೆ ಇಡುತ್ತಿದ್ದೆ, ಮತ್ತೆ ತೆಗೆದು ಓದುತ್ತಿದ್ದೆ. ಹೀಗೇ ದಿನಗಳು ಕಳೆದವು. ಬರುತ್ತೇನೆ ಕಣೆ. ಬರದೆ ಇರುತ್ತೇನೆಯೇ? ಟೀಚರ ಹತ್ತಿರ ರಜೆ ಕೇಳಿ ಆಗಿದೆ.

ಹುಡುಗನ ಫೋಟೋ ನೋಡಿದೆ. ಕಿವಿ ಸ್ವಲ್ಪ ದೊಡ್ಡದು. ಇರಲಿ, ನಿನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲು ಬೇಕಾಗುತ್ತದೆ. ಕಣ್ಣು ಒಳ್ಳೆಯದಿದೆ. ಭಾವನಿಗೆ ಒಂದು ಮಾತು ಹೇಳು: ಈ ಸಲ ನನ್ನ ಕಾಗದದ ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಬಾರದು. ಮೇಷ್ಟ್ರಾಗಿ ನಿವೃತ್ತರಾದರೂ ಅವರ ಕೈ ಇನ್ನೂ ನಿವೃತ್ತವಾಗಿಲ್ಲ.

ನನ್ನ ಓದು ಹೇಗಿದೆ ಎಂದು ಕೇಳಿದ್ದೆ. ಹಳೆಯ ಬಟ್ಟೆಗಳನ್ನು ಕಾಪಾಡುವುದು ಕೂಡ ಇಷ್ಟು ದೊಡ್ಡ ವಿದ್ಯೆ ಎಂದು ನಮ್ಮೂರಿನ ಮ್ಯೂಸಿಯಂನ ಉಗ್ರಾಣದಲ್ಲಿ ಕೂತು ಹೊಲಿಯುತ್ತಿದ್ದಾಗ ನನಗೆ ಗೊತ್ತಿರಲಿಲ್ಲ. ಈ ಪರದೇಶದಲ್ಲಿ ಒಂದು ರುಮಾಲನ್ನು ತೊಳೆಯಲು ಇಡೀ ದಿನ ಬೇಕು. ಬಲೆಯ ಮೇಲೆ ಮಲಗಿಸಿ, ನೀರನ್ನು ಸ್ಪಂಜಿನಿಂದ ಮುಟ್ಟಿಸಿ ಮುಟ್ಟಿಸಿ ತೆಗೆಯಬೇಕು, ಜ್ವರ ಬಂದ ಮಗುವಿನ ಮೈ ಒರೆಸಿದ ಹಾಗೆ. ತರಗತಿಯಲ್ಲಿ ಎಲ್ಲರೂ ನಿನ್ನ ವಯಸ್ಸಿನವರು. ನನ್ನ ಪಕ್ಕದ ಮೇಜಿನ ಹುಡುಗಿಗೆ ನಾನು ಮನಸ್ಸಿನಲ್ಲೇ ಗುಬ್ಬಿ ಎಂದು ಹೆಸರಿಟ್ಟಿದ್ದೇನೆ: ಪುಟ್ಟ ತಲೆ, ಬಿಡುವಿಲ್ಲದ ಮಾತು, ಕೂತಲ್ಲಿ ಕೂರುವುದಿಲ್ಲ. ಅವಳೇ ಒಂದು ದಿನ, "ಈ ಶನಿವಾರ ನಾವಿಬ್ರೂ ದೊಡ್ಡ ಊರಿಗೆ ಹೋಗೋಣ. ಅಲ್ಲಿನ ಮ್ಯೂಸಿಯಂ ನೋಡ್ದೆ ಓದು ಮುಗಿಸಿದ್ರೆ ಟೀಚರು ನಮ್ಮನ್ನ ಮನುಷ್ಯರು ಅಂತಾನೇ ಲೆಕ್ಕಕ್ಕೆ ಇಡಲ್ಲ" ಎಂದಳು. ಹೊರಟೆವು.

ಪುಟ್ಟಿ, ಆ ಎರಡು ದಿನ ನಡೆದದ್ದು ನಿಜವೋ ನಿದ್ದೆಯಲ್ಲಿ ಕಂಡದ್ದೋ ಎಂದು ನನಗೆ ಈಗಲೂ ಒಮ್ಮೊಮ್ಮೆ ಅನುಮಾನವಾಗುತ್ತದೆ. ರೈಲಿನ ಕಿಟಕಿಯ ಆಚೆ ಬರೀ ಮಂಜು. ಹೊಲ, ಮನೆ, ಕಂಬ ಯಾವುದೂ ಇಲ್ಲ. ಯಾರೋ ನಮ್ಮ ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ ಎಲ್ಲಿಗೋ ಕಳಿಸುತ್ತಿದ್ದ ಹಾಗಿತ್ತು. ಗುಬ್ಬಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಕಣ್ಣು ಬಿಟ್ಟಾಗ ಮಂಜಿನೊಳಗಿಂದ ಊರು ಮೇಲೆದ್ದು ಬರುತ್ತಿತ್ತು: ಮೊದಲು ಗೋಪುರದ ತುದಿಗಳು, ಆಮೇಲೆ ಮಹಡಿಗಳು, ಕೊನೆಗೆ ಜನ.

ಉಳಿಯಲು ಹಿಡಿದಿದ್ದ ಕೋಣೆ ಒಂದು ಹಳೆಯ ಮನೆಯ ಮೇಲ್ಮಹಡಿಯಲ್ಲಿತ್ತು. ಮೆಟ್ಟಿಲು ಎಷ್ಟು ಕಿರಿದು ಎಂದರೆ ಇಳಿಯುವವರು ಹತ್ತುವವರ ಉಸಿರು ಕೇಳಿಸಿಕೊಂಡು ನಿಂತು ದಾರಿ ಕೊಡಬೇಕು. ಮನೆಯೊಡತಿ ಒಂದು ಬೀಗದ ಕೈ ಕೊಟ್ಟು, ಅದಕ್ಕೆ ಕಟ್ಟಿದ್ದ ಹಿತ್ತಾಳೆ ಬಿಲ್ಲೆ ತೋರಿಸಿ, "ಬೀದಿ ಹೆಸರು ಇದರಲ್ಲಿದೆ. ಕಳ್ಕೊಂಡ್ರೆ ನಾನು ಜವಾಬ್ದಾರಳಲ್ಲ. ನಿಮ್ಮನ್ನ ನೀವೇ ಕಳ್ಕೊಂಡ್ರೂ ಅಷ್ಟೇ!" ಎಂದಳು. ಅವಳ ಬಾಯಿ ಎಂಥದೋ, ಅದೇ ಆಯಿತು ನೋಡು.

ಮ್ಯೂಸಿಯಂನಲ್ಲಿ ಬಟ್ಟೆಗಳ ಕೋಣೆಯನ್ನು ಕತ್ತಲಾಗಿಯೇ ಇಟ್ಟಿರುತ್ತಾರೆ, ಬೆಳಕು ತಿಂದರೆ ಬಣ್ಣ ಉಳಿಯುವುದಿಲ್ಲ. ಒಳಗೆ ಹೋದಾಗ ಮೊದಲು ಏನೂ ಕಾಣಲಿಲ್ಲ. ಮೆಲ್ಲಗೆ ಒಂದೊಂದಾಗಿ ಅಂಗಿಗಳು, ಕುಪ್ಪಸಗಳು, ನಿಲುವಂಗಿಗಳು ಗಾಜಿನ ಹಿಂದೆ ಮೂಡಿದವು. ಒಳಗೆ ಮೈಯಿಲ್ಲ, ಆದರೂ ತೋಳು ಸ್ವಲ್ಪ ಮಡಚಿ ಯಾರಿಗೋ ಕಾಯುತ್ತಿರುವ ಹಾಗೆ ನಿಂತಿವೆ. ಗುಬ್ಬಿಯ ಬಾಯಿ ಕೂಡ ಬಂದ್ ಆಯಿತು ಎಂದರೆ ನೀನೇ ಊಹಿಸು.

ಅಲ್ಲಿಂದ ಊಟಕ್ಕೆಂದು ಹೊರಟೆವು. ನೆಲದೊಳಗಿನ ರೈಲು ಹತ್ತಬೇಕಿತ್ತು. ಜನವೋ ಜನ. ಗುಬ್ಬಿ ನನ್ನ ಚೀಲವನ್ನೂ ಹೊತ್ತುಕೊಂಡು ನುಗ್ಗಿದಳು. ನಾನು ಯಾರಿಗೋ ದಾರಿ ಬಿಟ್ಟೆ. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅವಳ ಬಾಯಿ ಏನನ್ನೋ ಕೂಗುತ್ತಿತ್ತು, ಕೈ ಎತ್ತೆತ್ತಲೋ ತೋರಿಸುತ್ತಿತ್ತು. ರೈಲು ಹೋಯಿತು. ಅದರ ಜೊತೆ ನನ್ನ ಫೋನು, ದುಡ್ಡು, ಕನ್ನಡಕ ಎಲ್ಲ ಹೋದವು. ಕಿಸೆಯಲ್ಲಿ ಉಳಿದದ್ದು ಬೀಗದ ಕೈ ಒಂದೇ.

ಹೆದರಬೇಕಿತ್ತು ಅಲ್ಲವೇ? ಒಂದಷ್ಟು ಹೊತ್ತು ಅಲ್ಲೇ ನಿಂತೆ, ಅವಳು ತಿರುಗಿ ಬಂದಾಳೆಂದು. ಬರಲಿಲ್ಲ. ಮೇಲೆ ಬಂದು ನಡೆಯತೊಡಗಿದೆ. ಆಗ ನನಗೆ ಹೆದರಿಕೆಯ ಬದಲು ಬೇರೇನೋ ಆಯಿತು. ಮೈ ಹಗುರ. ಆ ಊರಿನಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ನಾನು ಯಾರ ತಂಗಿಯೂ ಅಲ್ಲ, ಯಾರ ವಿಧವೆಯೂ ಅಲ್ಲ, ಮ್ಯೂಸಿಯಂನ ಹೊಲಿಗೆಯಮ್ಮನೂ ಅಲ್ಲ. ಸೇತುವೆ ದಾಟಿದೆ. ಕೆಳಗೆ ನದಿ ಇತ್ತೋ ಇಲ್ಲವೋ, ಮಂಜೇ ಹರಿಯುತ್ತಿತ್ತು. ಟ್ರಾಮುಗಳು ಗಂಟೆ ಬಾರಿಸಿಕೊಂಡು ಬಂದು ಮಾಯವಾಗುತ್ತಿದ್ದವು. ಒಂದು ಮನೆಯ ಮಾಳಿಗೆಯಿಂದ ಯಾರೋ ಪಿಯಾನೋದಲ್ಲಿ ಒಂದೇ ಸಾಲನ್ನು ತಪ್ಪಿಸಿ ತಪ್ಪಿಸಿ ಮತ್ತೆ ನುಡಿಸುತ್ತಿದ್ದರು. ಅದು ಸರಿಬರುವ ತನಕ ನಿಂತು ಕೇಳಿ ಮುಂದೆ ಹೋದೆ. ಅಂಗಡಿಗಳ ಬೋರ್ಡುಗಳ ಅಕ್ಷರ ಮಂಜಿನಲ್ಲಿ, ಕನ್ನಡಕವಿಲ್ಲದ ಕಣ್ಣಿಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಒಂದು ಬೀದಿಯ ಮೂಲೆಯಲ್ಲಿ ದೊಡ್ಡದೊಂದು ಕತ್ತರಿಯ ಚಿತ್ರ ಕಂಡಿತು. ಅದನ್ನು ಓದಲು ನನಗೆ ಯಾವ ಕನ್ನಡಕವೂ ಬೇಡ. ದಾರಿ ಕೇಳೋಣವೆಂದು ಒಳಗೆ ಹೋದೆ.

ದರ್ಜಿ ಭಾರೀ ಆಳು, ಕೊರಳಿಗೆ ಟೇಪು, ಬಾಯಲ್ಲಿ ಗುಂಡುಸೂಜಿ. ಅವನೆದುರು ಒಬ್ಬ ಹೆಂಗಸು, ನನ್ನ ವಯಸ್ಸಿನವಳೇ, ಎರಡೂ ಕೈಯಲ್ಲಿ ಒಂದು ಹರಿದ ರೇಷ್ಮೆ ಶಾಲು ಹಿಡಿದು ನಿಂತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಅವಳ ಮಗಳು, ಮುಖ ಗೋಡೆಯ ಕಡೆ. ಭಾಷೆ ನನಗೆ ಅರ್ಧಂಬರ್ಧ, ಆದರೆ ತಾಯಿ ಮಗಳ ಜಗಳಕ್ಕೆ ಅರ್ಧ ಭಾಷೆ ಧಾರಾಳ ಸಾಕು.

"ಕಾರಿನ ಬಾಗಿಲು ನೋಡ್ಕೊಂಡು ಹಾಕು ಅಂತ ನೂರು ಸಲ ಹೇಳ್ದೆ."

"ಹಾಗಾದ್ರೆ ನಾಳೆ ನನ್ನ ಮದುವೇಲಿ ಹಾಕ್ಕೊಳ್ಳೋದೇ ಇಲ್ಲ. ಬಿಡಮ್ಮ. ಹಳೇ ಬಟ್ಟೆ ತಾನೆ?"

"ಹಳೇ ಬಟ್ಟೆ! ನಿನ್ನ ಅಜ್ಜಿ ಮದುವೇಲಿ ಹೊದ್ದಿದ್ದು. ನಾನು ಹೊದ್ದಿದ್ದು!"

ದರ್ಜಿ ಗುಂಡುಸೂಜಿ ತೆಗೆದು, "ಮಿಷನ್ ಕೆಳಗೆ ಇಟ್ರೆ ಪುಡಿಯಾಗುತ್ತೆ ತಾಯಿ. ನನ್ನ ಕೈಲಿ ಆಗಲ್ಲ" ಎಂದ. ಆ ಹೆಂಗಸು ಅಲ್ಲೇ ಕೂತುಬಿಟ್ಟಳು. ಅಳಲಿಲ್ಲ. ಶಾಲನ್ನು ಮಡಿಲಲ್ಲಿ ಸವರುತ್ತ ಕೂತಳು, ಅಷ್ಟೇ. ಮಗಳು ಆಗ ತಿರುಗಿ ನೋಡಿದಳು. ಅವಳ ಕಣ್ಣು ತುಂಬಿತ್ತು.

ನಾನು ಬಂದದ್ದು ದಾರಿ ಕೇಳಲು. ಬಾಯಿಂದ ಬಂದದ್ದು, "ನಾನೊಂದ್ಸಲ ನೋಡ್ಲಾ?"

ಗೇಣುದ್ದದ ಹರುಕು, ಮೂಲೆ ತಿರುಗಿದ ಹಾಗೆ. ರೇಷ್ಮೆ ಒಣಗಿ ಸೊರಗಿತ್ತು, ಆದರೆ ಎಳೆಗಳು ಇದ್ದವು, ಎಲ್ಲಿಗೂ ಹೋಗಿರಲಿಲ್ಲ. ನನ್ನ ಅರ್ಧಂಬರ್ಧ ಮಾತಿನಲ್ಲಿ ನಾನು ಏನು ಓದುತ್ತಿದ್ದೇನೆಂದು ಹೇಳಿದೆ. ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ತನ್ನ ಕುರ್ಚಿಯನ್ನೇ ಎತ್ತಿ ಕಿಟಕಿಯ ಪಕ್ಕ ಹಾಕಿ, "ಕೂತ್ಕೊಳ್ಳಿ. ಬೆಳಕು ಇರೋದೇ ಸ್ವಲ್ಪ ಹೊತ್ತು" ಎಂದ. ತನ್ನ ಓದುವ ಕನ್ನಡಕವನ್ನೂ ಕೊಟ್ಟ. ಅವನ ಕಣ್ಣು ನನ್ನ ಕಣ್ಣು ಒಂದೇ ನಂಬರೋ ಏನೋ, ಲೋಕ ಸ್ಪಷ್ಟವಾಯಿತು.

ಹರುಕಿನ ಹಿಂದೆ, ದರ್ಜಿ ಹುಡುಕಿಕೊಟ್ಟ, ಬಲೆಯಂಥ ತೆಳ್ಳನೆಯ ರೇಷ್ಮೆ ಬಟ್ಟೆ ಇಟ್ಟೆ. ಅಂಚಿನ ಒಳಮಡಿಕೆಯಿಂದ ಅದೇ ಶಾಲಿನ ಎಳೆಗಳನ್ನು ಬಿಡಿಸಿಕೊಂಡೆ. ಬಣ್ಣಕ್ಕೆ ಬಣ್ಣ ಹುಡುಕುವ ಕಷ್ಟವಿಲ್ಲ. ಒಂದೊಂದು ಮುರಿದ ಎಳೆಯನ್ನೂ ಅದರ ಜಾಗಕ್ಕೆ ಮಲಗಿಸಿ, ಮೇಲೊಂದು ಸಣ್ಣ ಹೊಲಿಗೆ, ಎಳೆಯದೆ, ಬಿಗಿಯದೆ. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ನೋವಾಗದ ಹಾಗೆ ಬಿಚ್ಚಲು ಬರಬೇಕು ಎನ್ನುತ್ತಾರೆ ನಮ್ಮ ಟೀಚರು. ಹೊಲಿಯುತ್ತ ಹೊಲಿಯುತ್ತ ಬೀದಿಯ ಸದ್ದು ದೂರವಾಯಿತು. ನಾನು ಸೂಜಿಯ ತುದಿಯಲ್ಲೇ ಎಲ್ಲೋ ಇದ್ದೆ.

ಬೆಳಕು ಕುಂದಿತು. ತಾಯಿ ಮೇಜಿನ ದೀಪ ಎತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ದೀಪ ಭಾರವಾಗಿ ಕೆಳಗಿಳಿಯತೊಡಗಿತು. ಮಗಳು ಸ್ಟೂಲಿನಿಂದ ಎದ್ದು ಬಂದು ತಾಯಿಯ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಇಬ್ಬರೂ ಹಾಗೇ ನಿಂತರು. ನಾನು ತಲೆ ಎತ್ತಲಿಲ್ಲ. ಆಮೇಲೆ ಕೇಳಿಸಿತು, "ಸಾರಿ ಅಮ್ಮ, ಬೇಕಂತ ಹಾಗಂದಿಲ್ಲ." "ಗೊತ್ತು ಬಿಡು. ದೀಪ ನೆಟ್ಟಗೆ ಹಿಡ್ಕೋ."

ಮುಗಿದಾಗ ಹುಡುಗಿ ಶಾಲು ಹೊದ್ದು ಕನ್ನಡಿಯ ಮುಂದೆ ನಿಂತಳು. ಹತ್ತಿರ ಬಂದು ಹುಡುಕಿದರೆ ಹೊಲಿಗೆ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳು ತಿರುಗಿದಾಗ ರೇಷ್ಮೆ ನೀರಿನ ಹಾಗೆ ತಿರುಗಿತು. ಅವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ. ನಾಳೆ ಮದುವೆಗೆ ಬರಲೇಬೇಕೆಂದು ಒತ್ತಾಯ ಮಾಡಿದಳು. ನಮ್ಮ ರೈಲು ಬೆಳಿಗ್ಗೆಯೇ ಇದೆ ಎಂದೆ. ಬೀಗದ ಕೈಯ ಬಿಲ್ಲೆ ನೋಡಿ ಅವರೇ ಕಾರಿನಲ್ಲಿ ಬಿಟ್ಟುಬಂದರು. ಈ ಸಲ ಹುಡುಗಿ ಬಾಗಿಲನ್ನು ಎಷ್ಟು ಜೋಪಾನವಾಗಿ ಹಾಕಿದಳೆಂದರೆ ಮೂವರಿಗೂ ನಗು ಬಂತು.

ಗುಬ್ಬಿ ಮೆಟ್ಟಿಲ ಮೇಲೆ ಕೂತಿದ್ದಳು, ನನ್ನ ಚೀಲವನ್ನು ತಬ್ಬಿಕೊಂಡು. ನನ್ನನ್ನು ಕಂಡವಳೇ ಮೊದಲು ಅತ್ತಳು, ಆಮೇಲೆ ಸರಿಯಾಗಿ ಬೈದಳು. "ನಿಮಗೇನಾದ್ರೂ ಆಗಿದ್ರೆ ನಾನ್ ಏನ್ ಮಾಡ್ತಿದ್ದೆ? ಹೋದ ದಾರೀಲೇ ಎಷ್ಟು ಸಲ ಓಡಾಡಿದೀನಿ ಗೊತ್ತಾ?" ಮನೆಯೊಡತಿ ಬಾಗಿಲಲ್ಲಿ ನಿಂತು, "ಬೀಗದ ಕೈ ಇದೆ ತಾನೆ?" ಎಂದು ಮಾತ್ರ ಕೇಳಿದಳು.

ಮಾರನೆಯ ದಿನ ಮಂಜು ಕರಗಿತ್ತು. ರೈಲು ಊರು ಬಿಡುವಾಗ ಎಲ್ಲ ಮನೆಗಳ ಮಾಡಿನ ಮೇಲೂ ಬಿಸಿಲು. ಅವುಗಳಲ್ಲಿ ಯಾವುದೋ ಒಂದರ ಕೆಳಗೆ ಆ ಹುಡುಗಿ ತಯಾರಾಗುತ್ತಿದ್ದಾಳೆ ಎಂದುಕೊಂಡೆ.

ಪುಟ್ಟಿ, ಹೊತ್ತಿಗೆ ಸರಿಯಾಗಿ ಉಣ್ಣು, ಮದುವೆಯ ಗಡಿಬಿಡಿಯಲ್ಲಿ ಸೊರಗಬೇಡ. ಅಕ್ಕನ ಮಂಡಿನೋವಿಗೆ ಎಣ್ಣೆ ತಿಕ್ಕು. ಅವಳು ಬೇಡ ಎನ್ನುತ್ತಾಳೆ, ಕೇಳಬೇಡ. ನಿನ್ನ ಬಾಳು ಬೆಳಕಾಗಿರಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ, ನೀನು ಕಾಲಿಟ್ಟಲ್ಲಿ ಒಳ್ಳೆಯದೇ ಆಗಲಿ. ನಾನು ಬೇಗ ಬರುತ್ತೇನೆ.

ಯಾವತ್ತೂ ನಿನ್ನವಳೇ ಆದ,
ಚಿಕ್ಕಮ್ಮ

ವಿ.ಸೂ.: ಕಾಗದ ಮಡಚಿ ಇಟ್ಟಿದ್ದೆ. ಮತ್ತೆ ಬಿಚ್ಚಿದೆ. ಒಂದು ಮಾತು ಬಿಟ್ಟು ಬರೆದಿದ್ದೇನೆ.

ಹೊಲಿಯುತ್ತಿದ್ದಾಗ ಆ ತಾಯಿ ಕೇಳಿದಳು, "ನಿಮಗೆ ಮಕ್ಕಳೆಷ್ಟು?" ನಮ್ಮೂರಿನಲ್ಲಿ ನನ್ನನ್ನು ಯಾರೂ ಇದನ್ನು ಕೇಳುವುದಿಲ್ಲ. ಎಲ್ಲರಿಗೂ ಗೊತ್ತು, ಅದಕ್ಕೇ ಕೇಳುವುದಿಲ್ಲ. ನಾನು ಸೂಜಿ ನಿಲ್ಲಿಸದೆ ಹೇಳಿದೆ, "ಒಬ್ಬಳೇ ಮಗಳು. ಅವಳಿಗೂ ಮದುವೆ ಗೊತ್ತಾಗಿದೆ." ಪುಟ್ಟಿ, ಈ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು, ಅದೂ ನನ್ನದಲ್ಲದ ಭಾಷೆಯಲ್ಲಿ.

ನಿನಗೆ ಗೊತ್ತಿದೆ ಎಂದು ನನಗೂ ಗೊತ್ತು. ಶಾಲೆಯಲ್ಲಿ ಯಾರೋ ಹೇಳಿದ ದಿನ ನೀನು ಬಂದು ನನ್ನ ಹೊಲಿಗೆ ಮಿಷನ್ ಪಕ್ಕ ಸುಮ್ಮನೆ ನಿಂತಿದ್ದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ನೀನು ಹುಟ್ಟುವ ಮೊದಲೇ ನಿನ್ನ ಅಪ್ಪ ಹೋದರು. ನೀನು ಹುಟ್ಟಿದ ಮೇಲೆ ನಾನು ಹಾಸಿಗೆ ಹಿಡಿದೆ, ಯಾರ ಗುರುತೂ ಸಿಗದಷ್ಟು. ಅಕ್ಕ ನಿನ್ನನ್ನು ಎತ್ತಿಕೊಂಡಳು. ನಾನು ಎದ್ದು ಬರುವ ಹೊತ್ತಿಗೆ ನೀನು ಅವಳನ್ನು ಅಮ್ಮ ಎಂದು ಕರೆಯುತ್ತಿದ್ದೆ. ಆ ಮಾತನ್ನು ನಿನ್ನ ಬಾಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅವಳಿಂದಲೂ.

ಇದನ್ನು ಅಕ್ಕನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು. ನಾನು ಯಾರಿಂದಲೂ ಏನನ್ನೂ ವಾಪಸ್ ಕೇಳುತ್ತಿಲ್ಲ. ಮದುವೆಯ ದಿನ ನಿನ್ನ ಪಕ್ಕ ಅವಳೇ ನಿಲ್ಲಲಿ, ಅದು ಅವಳ ಜಾಗ. ನಾನು ಹಿಂದೆ ನಿಂತು ನಿನ್ನ ಸೆರಗು ಸರಿಮಾಡುತ್ತೇನೆ.

ಆ ತಾಯಿ ಇನ್ನೊಂದು ಕೇಳಿದಳು, "ನಿಮ್ಮ ಮಗಳು ನಿಮ್ಮನ್ನ ಏನಂತ ಕರೀತಾಳೆ?"

"ಚಿಕ್ಕಮ್ಮ."

"ಹಾಗಂದ್ರೆ?"

"ಚಿಕ್ಕ ಅಮ್ಮ."

ಅವಳು ಅದನ್ನು ತೊದಲುತ್ತ ಎರಡು ಮೂರು ಸಲ ಹೇಳಿ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, "ಕೇಳಿದ್ಯಾ? ಇವರ ಕಡೆ ಅಮ್ಮನ್ನ ಎಷ್ಟು ಮುದ್ದಾಗಿ ಕರೀತಾರೆ" ಎಂದಳು. ನಾನು ತಿದ್ದಲಿಲ್ಲ.

ನೀನು ಹಾಗೇ ಕರೆ, ಪುಟ್ಟಿ. ಆ ಮಾತಿನೊಳಗೆ ಅಮ್ಮ ಇದ್ದಾಳೆ ಎಂದು ನನ್ನ ಕಿವಿಗೆ ಬೀಳಲು ನಾನು ಇಷ್ಟು ದೂರ ಬರಬೇಕಾಯಿತು.