ಒಂದು ಎರಡಾಗುವ ಹೊತ್ತು

ಮಾರ್ಚ್ ೪

ಕೋಶ ಬೆಳೆಸುವ ಹಳೆಯ ಬಾಟಲಿಗಳ ದ್ರಾವಣ ಬದಲಾಯಿಸಿದ್ದಾಯಿತು. ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಬಾಗಿಲು ಮತ್ತೆ ಕಿರುಗುಟ್ಟುತ್ತಿದೆ. ಹೇಳಿ ಹೇಳಿ ಬಾಯಿ ನೋವು ಬಂತು, ರಿಪೇರಿಯವನ ಪತ್ತೆಯಿಲ್ಲ.

ಮಧ್ಯಾಹ್ನ ಸುಟ್ಟಗಾಯದ ವಾರ್ಡಿನಿಂದ ಹೊಸ ಚೂರು ಬಂತು. ಅಂಚೆಚೀಟಿಯಷ್ಟು ಚರ್ಮ. ವೆಲ್ಡಿಂಗ್ ಮಾಡುವ ಹುಡುಗನದು. ಸಿಲಿಂಡರ್ ಸಿಡಿದು ಮೈಯೆಲ್ಲ ಬೆಂದಿದೆ, ಕಂಕುಳಲ್ಲಿ ಮಾತ್ರ ಸ್ವಲ್ಪ ಒಳ್ಳೆಯ ಚರ್ಮ ಉಳಿದಿತ್ತಂತೆ. ಸರ್ಜನ್ ಅದನ್ನೇ ತೆಗೆದು ಕಳಿಸಿದ್ದಾರೆ. ಇಷ್ಟರಿಂದ ಅವನ ಬೆನ್ನು, ಎದೆ ಮುಚ್ಚುವಷ್ಟು ಬೆಳೆಸಬೇಕು. ಬೇರೆಯವರ ಚರ್ಮ ಹಾಕಿದರೆ ಮೈ ಒಪ್ಪುವುದಿಲ್ಲ. ಅವನದೇ ಬೇಕು.

ಸಣ್ಣಗೆ ಹೆಚ್ಚಿ, ಕೋಶಗಳನ್ನು ಬಿಡಿಬಿಡಿ ಮಾಡಿ ಬಾಟಲಿಗೆ ಬಿಟ್ಟೆ. ಇನ್ನು ಅವುಗಳ ಪಾಡು ಅವಕ್ಕೆ.

ಮಾರ್ಚ್ ೭

ಕೋಶಗಳು ಬಾಟಲಿಯ ತಳ ಹಿಡಿದಿವೆ. ಒಲೆಯ ಮೇಲಾಗಿದ್ದರೆ ಬೈಗುಳ ತಿನ್ನಬೇಕಿತ್ತು. ಇಲ್ಲಿ ಅದೇ ಸಂತೋಷದ ಸುದ್ದಿ.

ಸರ್ಜನ್ ಫೋನು. “ಎಷ್ಟು ದಿನ ಬೇಕು?”

“ಇನ್ನೂ ಎರಡು ವಾರ ಸರ್.”

“ಎರಡು ವಾರ ಯಾರು ಕೊಡ್ತಾರೆ ನಮಗೆ? ಬೇಗ ಆಗಲ್ವಾ?”

“ಬೈದ್ರೆ ಬೆಳೆಯೋ ಹಾಗಿದ್ರೆ ಬೆಳಿಗ್ಗೆಯಿಂದ ಬೈತಾ ಕೂತಿರ್ತಿದ್ದೆ ಸರ್.”

ನಕ್ಕರು. ಅವರು ನಗುವುದನ್ನು ಕೇಳಿದ್ದು ಇದೇ ಮೊದಲು.

ಮಾರ್ಚ್ ೧೧

ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು. ಕೊರಳಲ್ಲಿ ಅಳತೆ ಟೇಪು, ಹೊಲಿಗೆ ಅಂಗಡಿಯಿಂದ ಹಾಗೇ ಎದ್ದು ಬಂದಂತಿತ್ತು. ಹುಡುಗನ ತಾಯಿ.

“ನನ್ನ ಮಗ ಇಲ್ಲೂ ಇದಾನಂತೆ. ಅಲ್ಲಿ ಗಾಜಿನ ಆಚೆಯಿಂದ ಬರೀ ಬ್ಯಾಂಡೇಜ್ ಕಾಣತ್ತೆ. ಇಲ್ಲಾದ್ರೂ ಒಂದ್ಸಲ ನೋಡ್ಲಾ?”

ಹೊರಗಿನವರನ್ನು ಬಿಡುವಂತಿಲ್ಲ. ಬಿಟ್ಟೆ. ಗೌನು, ಟೋಪಿ ತೊಡಿಸಿ ಮೈಕ್ರೋಸ್ಕೋಪ್ ಮುಂದೆ ಕೂರಿಸಿದೆ.

“ಎಲ್ಲಾ ಚಪ್ಪಟೆ ಮಲಗಿವೆ. ಒಂದು ಮಾತ್ರ ಉಂಡೆಯಾಗಿದೆಯಲ್ಲ?”

“ಅದು ಎರಡಾಗೋಕೆ ಹೊರಟಿದೆಯಮ್ಮ.”

ತಿಳಿದಂತೆ ಹೇಳಿದೆ. ಕೋಶ ತನ್ನ ಆಯುಷ್ಯವೆಲ್ಲ ತಯಾರಿಯಲ್ಲೇ ಕಳೆಯುತ್ತದೆ. ಮೊದಲು ಬೆಳೆಯುತ್ತದೆ. ಆಮೇಲೆ ಒಳಗಿನ ಎಳೆಗಳಿಗೆಲ್ಲ ಒಂದೊಂದು ನಕಲು ಮಾಡಿಕೊಳ್ಳುತ್ತದೆ. ತಪ್ಪಿದೆಯೇ ಎಂದು ಪರೀಕ್ಷಿಸುತ್ತದೆ. ಅದಾದ ಮೇಲೆಯೇ ಎಳೆಗಳು ಸುತ್ತಿಕೊಂಡು, ದಪ್ಪವಾಗಿ, ನಡುವೆ ಸಾಲಾಗಿ ನಿಲ್ಲುವುದು. ಪ್ರತಿ ಜೋಡಿಯಿಂದ ಒಂದು ಈ ಕಡೆಗೆ, ಒಂದು ಆ ಕಡೆಗೆ. ಕೊನೆಗೆ ನಡು ಸಣ್ಣಗಾಗಿ ಎರಡು ಕೋಶ.

“ಎಳೆ ಸಿಕ್ಕು ಬಿದ್ರೆ?”

“ಸರಿಹೋಗೋ ತನಕ ಕಾಯತ್ತೆ. ಪ್ರತಿ ಜೋಡಿಗೂ ಎರಡೂ ಕಡೆಯಿಂದ ಹಿಡಿತ ಸಿಗಬೇಕು. ಅಲ್ಲೀವರೆಗೂ ಆಚೀಚೆ ಜಗ್ಗಲ್ಲ.”

“ನಮ್ಮ ಅಂಗಡಿ ಹುಡುಗೀರಿಗಿಂತ ವಾಸಿ,” ಅಂದರು. ನಗಲಿಲ್ಲ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೂ ಇಲ್ಲ. ಉಂಡೆಯ ನಡು ಸಣ್ಣಗಾಗಿ, ಎರಡಾಗಿ, ಎರಡೂ ಮೆಲ್ಲಗೆ ಚಪ್ಪಟೆಯಾಗುವವರೆಗೂ ಕತ್ತು ಬಗ್ಗಿಸಿಯೇ ಇದ್ದರು.

“ಅಷ್ಟುದ್ದದ ಹುಡುಗ… ಮೊದಲು ಇಂಥದ್ದೊಂದೇ ಅಲ್ವಾ, ನನ್ನ ಹೊಟ್ಟೇಲಿ?”

“ಹೂಂ. ಒಂದೇ.”

ಟೋಪಿ ಬಿಚ್ಚಿ, ಮಡಿಸಿ ನನ್ನ ಕೈಗಿಟ್ಟು ಹೋದರು.

ಮಾರ್ಚ್ ೧೯

ಎಂಟು ದಿನ ಬರೆಯಲಾಗಿಲ್ಲ. ಒಂದರಿಂದ ಎರಡು, ಎರಡರಿಂದ ನಾಲ್ಕು — ಬಾಟಲಿ ಒಂದಿದ್ದದ್ದು ಈಗ ಇಡೀ ಕಪಾಟು. ನನ್ನ ಗಂಡ ಬೆಳಿಗ್ಗೆ, “ಊಟಕ್ಕೆ ಬರ್ತೀಯೋ, ಇಲ್ಲಾ ಬಾಟಲಿ ಸಂಸಾರಾನೋ?” ಅಂದರು. ಹುಡುಗನ ತಾಯಿ ದಿನಾ ಬರುತ್ತಾರೆ. “ಹೇಗಿದಾನೆ?” ಅನ್ನುತ್ತಾರೆ. “ಚೆನ್ನಾಗಿದಾನೆ,” ಅನ್ನುತ್ತೇನೆ. ಬಾಟಲಿಯ ಮಟ್ಟಿಗೆ ಸುಳ್ಳಲ್ಲ.

ಸಂಜೆ ಸರ್ಜನ್ ತಾವೇ ಬಂದರು. ಜ್ವರ ಇಳಿಯುತ್ತಿಲ್ಲ, ಬೆನ್ನಿನಲ್ಲಿ ಕೀವು. “ಇರೋದನ್ನೇ ಕೊಡಿ.”

ನೋಡಿದೆ. ಕೋಶಗಳು ದ್ವೀಪ ದ್ವೀಪವಾಗಿವೆ, ಇನ್ನೂ ಒಂದಕ್ಕೊಂದು ಕೂಡಿಲ್ಲ. ಈಗ ತಳದಿಂದ ಎಬ್ಬಿಸಿದರೆ ಹಾಳೆಯಾಗಿ ಬರುವುದಿಲ್ಲ, ಚಿಂದಿಯಾಗುತ್ತದೆ.

“ಎರಡು ದಿನ ಸರ್.”

“ಅವನಿಗೆ ಇದೆಯೋ ಇಲ್ವೋ.”

“ಹರಿದದ್ದು ಹಾಕಿದ್ರೆ ಮತ್ತೆ ಬೆಳೆಸೋಕೆ ಏನೂ ಉಳಿಯಲ್ಲ ಸರ್.”

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಸರಿ,” ಅಂದು ಹೋದರು.

ಮಾರ್ಚ್ ೨೧, ಬೆಳಿಗ್ಗೆ

ಕೂಡಿವೆ! ಅಂಚಿನಿಂದ ಅಂಚಿಗೆ ಒಂದೇ ಹಾಳೆ. ಒಂದು ಕಡೆಯೂ ಕಿಂಡಿಯಿಲ್ಲ. ಓಡಿಹೋಗಿ ಫೋನು ಹಿಡಿದೆ. ಸರ್ಜನ್ ಎತ್ತಿಕೊಂಡರು.

“ರೆಡಿ ಸರ್!”

“ಬೆಳಗಿನ ಜಾವ ಹೋದ. ಸೋಂಕು ರಕ್ತಕ್ಕೆ ಏರಿತ್ತು.”

ಫೋನು ಇಡಬೇಕು ಎನ್ನುವಷ್ಟರಲ್ಲಿ ಅವರೇ ಹೇಳಿದರು: “ಮೊನ್ನೆ ಕೊಟ್ಟಿದ್ರೂ ಉಳೀತಿರಲಿಲ್ಲ.”

ನಿಜವೋ, ನನ್ನ ಮೇಲಿನ ಕರುಣೆಯೋ. ಕೇಳುವ ಧೈರ್ಯ ಬರಲಿಲ್ಲ.

ಮಾರ್ಚ್ ೨೨

ರೋಗಿ ಇಲ್ಲವೆಂದರೆ ಕೋಶಗಳನ್ನು ಬ್ಲೀಚ್ ಸುರಿದು ಕೊಂದು ಚೆಲ್ಲಬೇಕು. ಅದು ನಿಯಮ. ಚೆಲ್ಲಲು ಹೋದವಳು ಹೊಸ ದ್ರಾವಣ ಹಾಕಿ ಬಂದೆ. ಲ್ಯಾಬಿನ ಮುಖ್ಯಸ್ಥೆ ನೋಡಿದರು. ನೋಡದವರಂತೆ ಹೋದರು.

ಒಂದು ಮೂಲೆಯಲ್ಲಿ ಒಂದು ಕೋಶ ಉಂಡೆಯಾಗಿತ್ತು. ಎಳೆಗಳು ಸಾಲಾಗಿ ನಿಂತಿದ್ದವು.

ಮಾರ್ಚ್ ೨೬

ತಾಯಿ ಬಂದಿದ್ದರು. ಕುರ್ಚಿ ಕೊಟ್ಟೆ, ಕೂರಲಿಲ್ಲ.

“ಅವು ಇನ್ನೂ ಇವೆಯಾ?”

“ಇವೆ.”

“ಬೆಳೀತಿವೆಯಾ?”

“ಹೂಂ.”

“ಅವನು ಹೋದದ್ದು… ಅವಕ್ಕೆ ಗೊತ್ತಿಲ್ವಾ?”

“ಇಲ್ಲಮ್ಮ.”

ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಇಲ್ಲಿಯ ಶಾಖ, ಗಾಳಿ, ದ್ರಾವಣ ಇಲ್ಲದಿದ್ದರೆ ಉಳಿಯುವುದಿಲ್ಲ ಎಂದೆ. ನಿಯಮವನ್ನೂ ಹೇಳಿದೆ, ಮುಚ್ಚಿಡಲಿಲ್ಲ. ತಲೆಯಾಡಿಸಿದರು.

“ಒಂದ್ಸಲ ಕೈಗೆ ಕೊಡ್ತೀರಾ?”

ಒಂದು ಬಾಟಲಿ ತೆಗೆದುಕೊಟ್ಟೆ. ಎರಡೂ ಅಂಗೈಯಲ್ಲಿ ಹಿಡಿದರು. ಮೈಯಷ್ಟೇ ಬಿಸಿ ಇಟ್ಟಿರುತ್ತೇವೆ, ಹೇಳಲು ಮರೆತಿದ್ದೆ.

“ಬೆಚ್ಚಗಿದಾನೆ,” ಅಂದರು.

ಆಗ ಕೂತರು. ಬಾಟಲಿ ಮಡಿಲಲ್ಲಿ. ನಾನು ಅತ್ತ ತಿರುಗಿ ಬೇರೆಯವರ ಬಾಟಲಿಗಳಲ್ಲಿ ಕೈಯಾಡಿಸಿದೆ. ಏನು ಮಾಡಿದೆನೋ ನೆನಪಿಲ್ಲ.

“ತಣ್ಣಗಾಗ್ತಿದೆ ಮೇಡಂ.”

“ಕೊಡಿ, ಒಳಗೆ ಇಡ್ತೀನಿ.”

“ಬೇಡ. ಒಳಗೆ ಇಟ್ರೆ ಮತ್ತೆ ಶುರು ಮಾಡ್ತವೆ. ಪಾಪ, ಯಾರಿಗೋಸ್ಕರ…” ಸೆರಗಿನಲ್ಲಿ ಬಾಟಲಿ ಒರೆಸಿದರು. “ಸಾಕು ಬಿಡಿ. ನಾನೇ ಮಾಡ್ತೀನಿ.”

ಉಳಿದ ಬಾಟಲಿಗಳನ್ನೂ ತಂದಿಟ್ಟೆ. ಮುಚ್ಚಳ ನಾನು ತೆಗೆದೆ. ಬ್ಲೀಚ್ ಸುರಿದದ್ದು ಆಕೆ. ದ್ರಾವಣದ ಗುಲಾಬಿ ಬಣ್ಣ ಬಿಳಿಚುವವರೆಗೂ ಇಬ್ಬರೂ ನೋಡುತ್ತ ನಿಂತೆವು. ಆಮೇಲೆ ಆಕೆ ನನ್ನ ಕೈ ಹಿಡಿದು, ಬಾಟಲಿ ಹಿಡಿದಂತೆಯೇ ಎರಡೂ ಅಂಗೈಯಲ್ಲಿ ಮುಚ್ಚಿಕೊಂಡರು.