ಟ್ಯಾಂಕಿಗೆ ಮುತ್ತಿಗೆ

ಪನಮರಂ
೧೮-೨-೧೯೭೩

ಪ್ರೀತಿಯ ತಂಗಿ ವಿಮಲ,

ಹೇಗಿದ್ದೀಯ? ಕೆಮ್ಮು ಹೋಯಿತೇ? ನಿನ್ನ ತುಮಕೂರಿನಲ್ಲಿ ಈಗಲಾದರೂ ಮೀಯಲು ನೀರು ಸಿಗುತ್ತಿದೆಯೇ? ಇಲ್ಲಿ ಎಲ್ಲರೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ.

ಕಳೆದ ತಿಂಗಳ ನಿನ್ನ ಕಾಗದವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದ್ದೆ. ಬೀದಿಗೊಂದು ಶಾಲೆ, ಮಠದ ಊಟದ ಸಾಲಿನಲ್ಲೂ ಪುಸ್ತಕ ಹಿಡಿದು ನಿಂತ ಹುಡುಗರು, ಹಳ್ಳಿಗಳಿಂದ ಬಂದು ಒಂದೇ ಕೋಣೆಯಲ್ಲಿ ಆರಾರು ಜನ ಇದ್ದು ಓದುವವರು. ಆದರೆ ಮಳೆ ಕೈಕೊಟ್ಟು ಕೆರೆಯೆಲ್ಲ ಬಿರುಕು, ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೊಂದೇ ಬಿಂದಿಗೆ. ಇಲ್ಲಿ ನೀರಿಗೇನೂ ಬರವಿಲ್ಲ, ಶಾಲೆಯಲ್ಲಿ ಮಾತ್ರ ಪೊಲೀಸರು ಉಂಡು ಮಲಗುತ್ತಾರೆ ಎಂದು ಅಮ್ಮ ಗೊಣಗಿದಳು.

ಆ ಕಾಗದವೇ ಮುಳುವಾಯಿತು. ನಕ್ಸಲರನ್ನು ಹುಡುಕುತ್ತ ಬಂದ ಪೊಲೀಸರು ಮನೆ ಜಾಲಾಡಿ ಅದನ್ನು ಒಯ್ದರು. ಅವರಿಗೆ ಕನ್ನಡ ಬಾರದು. ಅಂಗಡಿಯ ಶಿವಮಲ್ಲಪ್ಪನನ್ನು ಕರೆಸಿ ಓದಿಸಿದರು. ಹಾಸ್ಟೆಲಿನವರೆಲ್ಲ ಸೇರಿ ಟ್ಯಾಂಕಿಗೆ ಮುತ್ತಿಗೆ ಹಾಕಿದೆವು, ಮರುದಿನವೇ ನೀರು ಬಂತು, ನಮ್ಮ ಆಳು ಕುಳ್ಳನ್‌ಗೂ ಹೀಗೆ ಕೇಳಲು ಕಲಿಸಬೇಕು ಎಂದು ಬರೆದಿದ್ದೆಯಲ್ಲ, ಅದನ್ನು ಆತ ಹೆದರಿ ಹೆದರಿ ಮಲಯಾಳದಲ್ಲಿ ಹೇಳಿದನಂತೆ. ಇನ್‌ಸ್ಪೆಕ್ಟರ್ ಮುತ್ತಿಗೆಯನ್ನಷ್ಟೇ ಕಿವಿಗೆ ಹಾಕಿಕೊಂಡ. ಅದು ನೀರಿನ ಟ್ಯಾಂಕು ಎಂದು ಅಪ್ಪ ಮೂರು ಸಲ ಹೇಳಿದರು. ಯಾರು ಕೇಳುತ್ತಾರೆ?

ನಮ್ಮ ಗದ್ದೆಯಲ್ಲೇ ದುಡಿದು ಬೆಳೆದ ಕುಳ್ಳನನ್ನು, ಒಂದಕ್ಷರ ಬಾರದವನನ್ನು, ನಾಲ್ಕು ದಿನ ಠಾಣೆಯಲ್ಲಿಟ್ಟುಕೊಂಡರು. ಬಿಟ್ಟಾಗ ಎಡಗಾಲು ಊರಲು ಆಗುತ್ತಿರಲಿಲ್ಲ. ಅವನ ಹೆಂಡತಿ ಮಾತಿ ನಮ್ಮ ಅಂಗಳಕ್ಕೆ ಬರುತ್ತಿಲ್ಲ. ಯಾವ ಬಾಯಲ್ಲಿ ಕರೆಯಲಿ? ನಾನೇ ಅವರ ಗುಡಿಸಲಿಗೆ ಎಣ್ಣೆ ಒಯ್ದೆ. ಕುಳ್ಳನ್ ಬೈಯಲಿಲ್ಲ. "ಕುಟ್ಟಿಯ ಕಾಗದದಲ್ಲಿ ಎನ್ನ ಪೇರು ಉಂಟಂತಲ್ಲ. ಹೇಗೆ ಉಂಟು, ಬರೆದು ತೋರ್ಸಿ," ಎಂದ. ನೀನು ಅವನಿಗೆ ಇನ್ನೂ ಕುಟ್ಟಿಯೇ, ಮಗುವೇ. ಕಡ್ಡಿಯಿಂದ ನೆಲದ ಮೇಲೆ ಅವನ ಹೆಸರು ಬರೆದೆ. ಬಹಳ ಹೊತ್ತು ನೋಡಿದ. ಆಮೇಲೆ ಅಂಗೈಯಿಂದ ಅಳಿಸಿಬಿಟ್ಟ. ನಿನ್ನ ಮೇಲೆ ಸಿಟ್ಟು ಬಂತು ವಿಮಲ. ಓದಿದ ಮೇಲೆ ಕಾಗದ ಸುಡದ ನನ್ನ ಮೇಲೆ ಇನ್ನೂ ಹೆಚ್ಚು.

ಅಮ್ಮನ ಆಶೀರ್ವಾದ. ಓದಿನ ಗುಂಗಿನಲ್ಲಿ ಊಟ ಬಿಡಬೇಡ.

ನಿನ್ನ ಅಕ್ಕ,
ಸುಶೀಲ

ತಾ.ಕ.: ನಿನ್ನನ್ನು ಕರೆತಂದು ಒಪ್ಪಿಸುತ್ತೇನೆಂದು ಅಪ್ಪ ಇವತ್ತು ಠಾಣೆಯಲ್ಲಿ ಸಹಿ ಹಾಕಿ ಬಂದಿದ್ದಾರೆ. ಮುಂದಿನ ಸೋಮವಾರ ಹೊರಡುತ್ತಾರೆ. ಅಮ್ಮನಿಗೆ ಜೀವ ಹೋಗುವ ಕಾಯಿಲೆ ಎನ್ನುತ್ತಾರೆ, ಅಳಲೂಬಹುದು. ಅಮ್ಮ ಅಂಗಳದಲ್ಲಿ ಕಾಪಿ ಒಣಗಿಸುತ್ತಿದ್ದಾಳೆ. ಇದನ್ನು ಇಲ್ಲಿ ಅಂಚೆಗೆ ಹಾಕದೆ ಮೈಸೂರು ಬಸ್ಸಿನವನ ಕೈಗೆ ಕೊಡು ಎಂದವಳೂ ಅವಳೇ. ಅಪ್ಪನ ಜೊತೆ ಹೊರಡಬೇಡ. ಪರೀಕ್ಷೆ ಬರೆ.