ಸೂಜಿಯದೂ ಅಲ್ಲ, ಸಂಬಂಧದ್ದೂ ಅಲ್ಲ

ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ
11 ನವೆಂಬರ್ 2025, ಮಂಗಳವಾರ

ಪ್ರೀತಿಯ ತಂಗಿ ರೂಪಾಗೆ,

ನಿನ್ನ ಅಕ್ಕ ಶೋಭಾ ಬರೆಯುತ್ತಿದ್ದೇನೆ. ಹೇಗಿದ್ದೀಯ? ವಾಂತಿ ನಿಂತಿದೆಯಾ? ನಾವಿಬ್ಬರೂ ಹೊಟ್ಟೆಯಲ್ಲಿದ್ದಾಗ ನಮ್ಮವ್ವನಿಗೆ ಕುದಿಯುವ ಅನ್ನದ ವಾಸನೆಯೇ ಆಗುತ್ತಿರಲಿಲ್ಲವಂತೆ. ನನಗೂ ಹಾಗೇ ಆಗಿತ್ತು. ಬೆಳಗ್ಗೆ ಎದ್ದ ತಕ್ಷಣ ಒಣ ಮಂಡಕ್ಕಿಯನ್ನು ಒಂದು ಹಿಡಿ ಬಾಯಿಗೆ ಹಾಕಿಕೋ, ಹೊಟ್ಟೆ ತಡೆಯುತ್ತದೆ. ಕಬ್ಬಿಣದ ಮಾತ್ರೆ ಕಹಿ ಎಂದು ಬಿಡಬೇಡ. ಅಪ್ಪ ಚೆನ್ನಾಗಿದ್ದಾನೆ, ಕೆಮ್ಮು ಇದ್ದದ್ದೇ, ಮಿಲ್ಲಿನ ಹತ್ತಿಯ ಧೂಳು ಕುಡಿದ ಎದೆ. ನಾನು ಅದೇ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗಳಿಗೆ ಫಾಲ್ಸ್, ಜಿಗ್‌ಜ್ಯಾಗ್ ಹಾಕಿಕೊಂಡಿದ್ದೇನೆ. ಮದುವೆಯ ಕಾಲ, ಕೈತುಂಬ ಕೆಲಸ. ನೀನು ಫೋನಿನಲ್ಲಿ ನನ್ನ ನಂಬರನ್ನು ತಡೆದಿಟ್ಟು ವರ್ಷದ ಮೇಲಾಯಿತು, ಅದಕ್ಕೇ ಈ ಕಾಗದ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆ ದುರುಗಮ್ಮನ ಹತ್ತಿರ ಕೊಟ್ಟು ಕಳಿಸುತ್ತೇನೆ. ನಿನ್ನ ತೂಕ ನೋಡಲು ಬಂದಾಗ ನಿನ್ನ ಕೈಗೇ ಕೊಡುತ್ತಾಳೆ. ಅತ್ತೆಯ ಎದುರಿಗೆ ಬಿಚ್ಚಬೇಡ.

ನೀನು ಬಸುರಿ ಎಂಬ ಸುದ್ದಿ ತಂದವಳೂ ದುರುಗಮ್ಮನೇ. ಮಗಳ ಮದುವೆಯ ಸೀರೆಗಳನ್ನು ಹಿಡಿದುಕೊಂಡು ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದಳು. “ನಿನ್ ತಂಗಿ ಚಲೋ ಅದಾಳವ್ವ, ನಾಕು ತಿಂಗ್ಳು. ಭಯ ಐತೇನಮ್ಮ ಅಂತ ಕೇಳಿದ್ರೆ, ನಂಗ್ಯಾಕ ಭಯ, ದೋಷ ಇದ್ದಿದ್ದು ನಮ್ಮಕ್ಕನ ಹೊಟ್ಟೇಲಿ ಅಂದ್ಲು” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಪಾಪ, ಸೀರೆಯ ಬಣ್ಣಕ್ಕೆ ಹೊಂದುವ ದಾರ ಆರಿಸುತ್ತ ಹೇಳಿದಳು. ಆ ದಿನ ನನಗೆ ಒಂದು ಬಗೆಯ ಸಂತೋಷವಾಯಿತು, ರೂಪಾ. ಯಾವ ಬಗೆಯದು ಎಂದು ಕೇಳಬೇಡ. ಹೊತ್ತು ಮುಳುಗುವ ತನಕ ಇತ್ತು, ಆಮೇಲೆ ಹೋಯಿತು. ಹೋದದ್ದರಿಂದಲೇ ಈಗ ಬರೆಯಲು ಕೂತಿದ್ದೇನೆ.

ನನ್ನ ಮಗ ಹರಿಯ ವಿಷಯ ನಿನಗೆ ಗೊತ್ತಿದೆ ಎಂದು ನೀನು ತಿಳಿದಿದ್ದೀಯ. ನಿನಗೆ ಗೊತ್ತಿರುವುದು ಮೊದಲು ನನಗೆ, ಈಗ ನಿನಗೆ ಅತ್ತೆಯಾದ ತಿಮ್ಮವ್ವತ್ತೆ ಹೇಳಿದ್ದು ಮಾತ್ರ. ಐದನೇ ತಿಂಗಳಲ್ಲಿ ಅವನಿಗೆ ಲಸಿಕೆಯ ಸೂಜಿ ಹಾಕಿಸಬೇಕಿತ್ತು. ಅತ್ತೆ ಬೇಡ ಅಂದಳು, ನಾನು ಹಟಮಾಡಿ ಕರೆದುಕೊಂಡು ಹೋದೆ. ಸಂಜೆ ಜ್ವರ ಬಂತು. ಎಡಗೈ, ಎಡಗಾಲು ಅದುರತೊಡಗಿದವು, ಕಣ್ಣುಗಳು ಒಂದೇ ಕಡೆಗೆ ಹೊರಳಿ ನಿಂತವು. ಹರಿಹರದಿಂದ ಇಲ್ಲಿನ ಆಸ್ಪತ್ರೆ ಮುಟ್ಟುವವರೆಗೂ ಆ ನಡುಕ ನಿಲ್ಲಲಿಲ್ಲ. ಅಂದಿನಿಂದ ನಾನು ಹೆತ್ತ ಮಗನಿಗೆ ವಿಷ ಚುಚ್ಚಿಸಿದವಳಾದೆ. ಆಮೇಲೆ ಅತ್ತೆ ಬಿಸಿನೀರು ಎರೆಯುವಾಗ ಎರಡು ಸಲ ಬಚ್ಚಲಲ್ಲೇ ಫಿಟ್ಸ್ ಬಂತು. ಅದಕ್ಕೂ ಸೂಜಿಯೇ ಕಾರಣ ಅಂದಳು. ಮೊದಲು ನೋಡಿದ ಡಾಕ್ಟರು ಗಂಡ ಹೆಂಡಿರಿಬ್ಬರನ್ನೂ ಕೂರಿಸಿಕೊಂಡು, ಸೋದರತ್ತೆಯ ಮಗನನ್ನು ಮದುವೆಯಾದರೆ ಇನ್ನೇನಾಗುತ್ತದೆ ಎಂದು ಬೈದರು. ಆ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅದು ಯಾಕೆ ಎಂದು ನನಗೆ ಆಮೇಲೆ ತಿಳಿಯಿತು. ಸಂಬಂಧದ್ದೇ ತಪ್ಪು ಎಂದಿದ್ದರೆ ನಿನ್ನನ್ನು ಅದೇ ಮನೆಗೆ, ಅದೇ ಗಂಡಿಗೆ ಕೊಡುವಂತಿರಲಿಲ್ಲ. ಹಾಗಾಗಿ ತಪ್ಪೆಲ್ಲ ನನ್ನ ಹೊಟ್ಟೆಗೆ ಬಂತು.

ನನ್ನನ್ನೂ ಎರಡು ವರ್ಷದ ಕೂಸನ್ನೂ ಅಪ್ಪನ ಮನೆಗೆ ತಂದುಬಿಟ್ಟರು. ಕೋರ್ಟಿನಲ್ಲಿ ಒಪ್ಪಿಗೆಯ ಮೇಲೆ ಬಿಡುಗಡೆ ಅಂತ ಬರೆದರು, ನಾನು ಒಪ್ಪಿದೆನೋ ಇಲ್ಲವೋ ಯಾರೂ ಕೇಳಲಿಲ್ಲ. ಅಪ್ಪ ನನ್ನ ಮುಖ ನೋಡದೆ, “ನಾನು ತಂಗೀನ ಬಿಟ್ಟಿರಾಕ ಆಗಲ್ಲವ್ವ, ರೂಪಾನ ಕೊಡ್ತೀನಿ” ಅಂದ. ನೀನು ಹಿತ್ತಲಲ್ಲಿ ನನ್ನ ಕೈ ಹಿಡಿದು, “ನಾನು ಒಲ್ಲೆ ಅಂದ್ರೆ ಅಪ್ಪ ಉಳಿಯಂಗಿಲ್ಲಕ್ಕ” ಎಂದು ಕಣ್ಣೀರಿಟ್ಟೆ. ನಾನೇ ನಿನ್ನ ಕಣ್ಣೊರೆಸಿದೆ. ನಿನ್ನ ಮದುವೆಯ ದಿನ ನನಗೂ ಹರಿಗೂ ಮನೆಯಲ್ಲೇ ಇರಲು ಹೇಳಿದರು, ಕಲ್ಯಾಣಮಂಟಪದಲ್ಲಿ ಅವನಿಗೆ ಏನಾದರೂ ಆದರೆ ಅಪಶಕುನ ಅಂತ. ಧಾರೆಯ ಹೊತ್ತಿಗೆ ಸರಿಯಾಗಿ ಅವನಿಗೆ ಶುರುವಾಯಿತು. ಬೀದಿಯವರೆಲ್ಲ ನಿನ್ನ ಮದುವೆಗೆ ಹೋಗಿದ್ದರು. ಚಪ್ಪರದ ಕೆಳಗಿನಿಂದ ಅವನನ್ನು ಹೊತ್ತುಕೊಂಡು ರಸ್ತೆಗೆ ಓಡಿದೆ. ಆಟೋದವನು ಮಗುವಿನ ಬಾಯಿಯ ನೊರೆ ನೋಡಿ ಹತ್ತಿಸಿಕೊಳ್ಳಲಿಲ್ಲ. ಎರಡನೆಯವನು ಹತ್ತಿಸಿಕೊಂಡ. ನಿಮಗ್ಯಾರಿಗೂ ಇದನ್ನು ಹೇಳಲಿಲ್ಲ. ಸಂಜೆ ನೀವೆಲ್ಲ ಬರುವ ಹೊತ್ತಿಗೆ ಅವನನ್ನು ಮನೆಗೆ ತಂದು ಮಲಗಿಸಿದ್ದೆ.

ಅವನಿಗೆ ನಾಲ್ಕು ವರ್ಷ ತುಂಬಿದ ಮೇಲೆ ಇಲ್ಲಿಯ ಕ್ಲಿನಿಕ್ಕಿಗೆ ಬೆಂಗಳೂರಿನಿಂದ ಡಾಕ್ಟರ್ ಅಂಜುಮ್ ಬರತೊಡಗಿದರು. ನನ್ನ ವಯಸ್ಸಿನವರೇ, ಮಾತು ಕಡಿಮೆ. ಕೂಸುಗಳಿಗೆ ಬರುವ ಫಿಟ್ಸ್ ಮೇಲೆ ಅವರ ಸಂಸ್ಥೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಹರಿಯದು, ನನ್ನದು, ಅವನ ಅಪ್ಪನದು, ಮೂವರ ರಕ್ತವನ್ನೂ ತೆಗೆದುಕೊಂಡರು. ಹರಿ ತಿನ್ನುತ್ತಿದ್ದ ಮಾತ್ರೆಯ ಹೆಸರಿನ ಕೆಳಗೆ ಗೆರೆ ಎಳೆದರು. ಆಮೇಲೆ ಅದನ್ನು ನಿಧಾನವಾಗಿ ಬಿಡಿಸಿ ಬೇರೆಯದು ಕೊಟ್ಟರು. ಬೇರೆ ಫಿಟ್ಸ್‌ಗೆಲ್ಲ ಒಳ್ಳೆಯದಾದ ಆ ಮಾತ್ರೆ ಇಂಥ ಫಿಟ್ಸ್‌ಗೆ ಕೊಟ್ಟರೆ ಹೆಚ್ಚಾಗುತ್ತದಂತೆ. ಬಾಳೆಹಣ್ಣಿನಲ್ಲಿ ಅರೆದು, ಉಗುಳಿದರೆ ಗದರಿಸಿ, ಒಂದು ಹೊತ್ತೂ ತಪ್ಪಿಸದೆ ಅವನಿಗೆ ತಿನ್ನಿಸಿದ್ದೆ ರೂಪಾ. ಒಂದು ಹೊತ್ತಾದರೂ ತಪ್ಪಿಸಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ. ಹೊಸ ಮಾತ್ರೆಯಲ್ಲಿ ಅವನು ಕೆಲವು ತಿಂಗಳು ಚೆನ್ನಾಗಿದ್ದ. ನನ್ನ ಹೊಲಿಗೆ ಮಿಶನ್ನಿನ ಚಕ್ರ ತಿರುಗಿಸಿ ನಗುತ್ತಿದ್ದ, ‘ಅವ್ವ, ಗರಗರ’ ಅನ್ನುತ್ತಿದ್ದ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ಇಂಥ ಮಕ್ಕಳು ಕೆಲವರು ನಿದ್ದೆಯಲ್ಲಿ ಹೀಗೇ ಹೋಗುತ್ತಾರಂತೆ, ಯಾಕೆ ಎಂಬುದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲವಂತೆ. ಮಣ್ಣಿಗೆ ನೀನು ಬರಲಿಲ್ಲ. ಕಳಿಸಲಿಲ್ಲ ಎಂದು ತಿಳಿದುಕೊಂಡಿದ್ದೇನೆ. ಅದೇ ವಾರ ನಾನು ಫೋನು ಮಾಡಿದಾಗ ಅತ್ತೆ ಕಿತ್ತುಕೊಂಡು, “ಇನ್ನೇನು ಉಳೀತು ನಿಂಗೆ, ಈಕೀನೂ ಮುಟ್ಟಬ್ಯಾಡ” ಅಂದಳು. ಹಿಂದುಗಡೆ ನಿನ್ನ ಬಳೆಯ ಸದ್ದು ಕೇಳುತ್ತಿತ್ತು.

ರಕ್ತದ ಫಲಿತಾಂಶ ಬಂದದ್ದು ಅವನು ಹೋದ ಮೇಲೆ. ಮಿದುಳಿನ ನರಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ಜೀನ್ ಇರುತ್ತದಂತೆ, ಹರಿಯಲ್ಲಿ ಅದರ ಒಂದೇ ಒಂದು ಅಕ್ಷರ ತಪ್ಪಿತ್ತು. ನಾನು ಮೊದಲು ಕೇಳಿದ್ದು ಸೂಜಿಯ ವಿಷಯ. ಅಂಜುಮ್ ಹೇಳಿದರು: “ಸೂಜಿಯಿಂದ ಜ್ವರ ಬಂತು, ಜ್ವರಕ್ಕೆ ಮೊದಲ್ನೇ ಫಿಟ್ಸ್ ಬಂತು, ಅಷ್ಟೇರಿ. ಹಾಕಿಸದಿದ್ರೂ ಯಾವ್ದೋ ನೆಗಡಿ ಜ್ವರಕ್ಕೆ ಬಂದೇ ಬರ್ತಿತ್ತು.” ಈ ಬಗ್ಗೆ ದೇಶದೇಶಗಳ ಡಾಕ್ಟರುಗಳು ವರ್ಷಾನುಗಟ್ಟಲೆ ಜಗಳಾಡಿದ್ದಾರಂತೆ. ಸೂಜಿಯಿಂದಲೇ ಮಿದುಳು ಕೆಟ್ಟಿತು ಎಂದು ಡಾಕ್ಟರುಗಳು ಹೇಳಿದ್ದಂಥ ಮಕ್ಕಳ ರಕ್ತವನ್ನು ಮತ್ತೆ ಪರೀಕ್ಷೆ ಮಾಡಿದರೆ ಬಹಳಷ್ಟು ಮಕ್ಕಳಲ್ಲಿ ಇದೇ ಜೀನ್ ಕೆಟ್ಟಿತ್ತಂತೆ. ಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲವಂತೆ. ಈಗ ಹೊರದೇಶದಲ್ಲಿ ಬೆನ್ನುಹುರಿಗೆ ಕೊಡುವ ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ. ಜೀನಿಗಿರುವ ಎರಡು ಪ್ರತಿಗಳಲ್ಲಿ ಕೆಡದಿರುವ ಒಂದರಿಂದಲೇ ಹೆಚ್ಚು ಕೆಲಸ ತೆಗೆಯುವ ಉಪಾಯ. ಕೆಲವರು ದೊಡ್ಡ ಗೆಲುವು ಅನ್ನುತ್ತಾರೆ, ಕೆಲವರು ಅವಸರ ಬೇಡ ಅನ್ನುತ್ತಾರೆ. ನನಗೆ ಅದರಿಂದ ಏನಾಗಬೇಕು, ಆದರೂ ಅಂಜುಮ್ ಬಂದಾಗಲೆಲ್ಲ ಅದು ಎಲ್ಲಿಗೆ ಬಂತು ಎಂದು ಕೇಳುತ್ತೇನೆ.

ಮೊದಲ ವರದಿಯಲ್ಲಿ ಆ ತಪ್ಪು ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು ಎಂದು ಬರೆದಿದ್ದರು. ಸಂಸ್ಥೆಯ ಹಿರಿಯರು ಅಲ್ಲಿಗೆ ಮುಗಿಸಿದರು. ಅಂಜುಮ್ ಒಪ್ಪಲಿಲ್ಲ. ಹೆತ್ತವರಿಬ್ಬರಲ್ಲಿ ಒಬ್ಬರ ರಕ್ತದಲ್ಲಿ ಆ ತಪ್ಪಿನ ಸುಳಿವು ಬಹಳ ಮಸುಕಾಗಿ ಕಾಣುತ್ತಿದೆ ಅಂದರು. ಹಿರಿಯರು, ಅದು ಯಂತ್ರದ ದೋಷ, ಇಷ್ಟಕ್ಕೆಲ್ಲ ಮಗು ಕಳೆದುಕೊಂಡವರನ್ನು ಮತ್ತೆ ಹೆದರಿಸಬಾರದು ಅಂದರು. ವರ್ಷವಿಡೀ ಈ ವಾದ ನಡೆಯಿತು. ಕಡೆಗೆ ಇನ್ನೂ ಸೂಕ್ಷ್ಮವಾಗಿ, ಬೇರೆ ಮಾದರಿಯಲ್ಲೂ ಪರೀಕ್ಷೆ ಮಾಡಿ ಅಂಜುಮ್ ಹೇಳಿದ್ದೇ ನಿಜವೆಂದು ತಿಳಿಯಿತು. ಈ ವರ್ಷ ಬಸವ ಜಯಂತಿ ಆದ ಮರುವಾರ ಕ್ಲಿನಿಕ್ಕಿಗೆ ಕರೆಸಿ ಹೇಳಿದರು. ಅದು ನನ್ನಿಂದ ಬಂದದ್ದಲ್ಲ. ನನ್ನ ರಕ್ತದಲ್ಲಿ, ನನ್ನ ಹೊಟ್ಟೆಯಲ್ಲಿ ಯಾವ ದೋಷವೂ ಇಲ್ಲ. ಇಷ್ಟನ್ನು ನಿನಗೆ ತಿಳಿಸಿ ಮುಗಿಸೋಣ ಎಂದುಕೊಂಡಿದ್ದೆ.

ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ಗೊತ್ತಿದ್ದರೆ ನಿನಗೆ ಆಶೀರ್ವಾದ ತಿಳಿಸು ಅನ್ನುತ್ತಿದ್ದ, ಆಮೇಲೆ ಹರಿದು ಹಾಕುತ್ತಿದ್ದ. ಭಾರ ಎತ್ತಬೇಡ, ಎಡಮಗ್ಗುಲಿಗೆ ಮಲಗು. ನೀನೂ ನಿನ್ನ ಹೊಟ್ಟೆಯೂ ತಣ್ಣಗಿರಲಿ.

ನಿನ್ನ ಅಕ್ಕ,
ಶೋಭಾರಾಣಿ

ವಿ.ಸೂ.: ದುರುಗಮ್ಮ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಹರಿಹರದ ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ. ಮೇಲೆ ಬರೆಯಲು ಕೈ ಬಾರದ್ದನ್ನು ಈಗ ಬರೆಯುತ್ತೇನೆ. ಆ ಒಬ್ಬರು ನಿನ್ನ ಯಜಮಾನರು. ಅವರ ರಕ್ತದಲ್ಲಿ ಇರುವುದು ಸುಳಿವು ಮಾತ್ರ, ಅವರಿಗೆ ಕಾಯಿಲೆಯಿಲ್ಲ. ಆದರೆ ವೀರ್ಯದ ಒಂದು ಪಾಲಿನಲ್ಲಿ ಆ ತಪ್ಪು ಇದೆ. ಅವರು ಅತ್ತೆಯ ಹೊಟ್ಟೆಯಲ್ಲಿದ್ದಾಗಲೇ ಆದದ್ದು, ಅದರಲ್ಲಿ ಯಾರ ತಪ್ಪೂ ಇಲ್ಲ. ನಿನ್ನ ಮಗುವಿಗೆ ಬರಲೇಬೇಕು ಅಂತಿಲ್ಲ, ಬರದಿರುವ ಸಾಧ್ಯತೆಯೇ ಹೆಚ್ಚು. ಆದರೆ ಬರಬಹುದು. ಐದು ತಿಂಗಳು ತುಂಬುವುದರೊಳಗೆ ಗರ್ಭದ ನೀರು ತೆಗೆದು ನೋಡಬಹುದಂತೆ. ನೋಡಿದ ಮೇಲೆ ಏನು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು. ಇಟ್ಟುಕೊಂಡರೂ ಯಾವ ಮಾತ್ರೆ ಕೊಡಬಾರದು ಎಂಬುದಾದರೂ ಮೊದಲ ದಿನದಿಂದಲೇ ಗೊತ್ತಿರುತ್ತದೆ. ಅಂಜುಮ್ ಬರುವ ಶನಿವಾರ ಇಲ್ಲಿರುತ್ತಾರೆ. ತಪಾಸಣೆಗೆ ಎಂದು ಹೇಳಿ ದುರುಗಮ್ಮನ ಜೊತೆ ಹೊರಟು ಬಾ. ನಿನ್ನ ಯಜಮಾನರನ್ನು ಕೇಳಿ ಹೊರಡಬೇಡ. ಅವರಿಗೆ ಎಲ್ಲ ಗೊತ್ತು. ಆ ದಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. “ಮುಂದೆ ಮಕ್ಳು ಬೇಕಂದ್ರೆ ಮೊದ್ಲು ಹೆಂಡ್ತೀನ ಕರ್ಕಂಡು ಬರ್ರಿ” ಎಂದು ಅಂಜುಮ್ ಹೇಳಿದಾಗ “ಆಯ್ತ್ರಿ ಮೇಡಂ” ಅಂದರು. ನೀನಾಗ ಇನ್ನೂ ಬಸುರಿಯಾಗಿರಲಿಲ್ಲ. ಮೆಟ್ಟಿಲಿಳಿಯುವಾಗ, ರೂಪಾಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ ಎಂದು ಕೇಳಿದೆ. “ಯಾರೂ ಹೇಳಾದು ಬ್ಯಾಡ. ಅವ್ವಗೆ ಗೊತ್ತಾದ್ರೆ ಎದೆ ಒಡ್ಕಂತಾಳೆ. ನೀನು ಹೆಂಗೂ ಕೆಟ್ಟಾಕಿ ಆಗಿದ್ದೀಯ, ಹಂಗೇ ಇದ್ದುಬಿಡು” ಅಂದರು. ಇಲ್ಲೇ ಊರ ಪಕ್ಕದ ಕರೂರಿನ ಫ್ಯಾಕ್ಟರಿಯಲ್ಲಿ ಪಾಳಿಗೆ ಹೊತ್ತಾಯಿತೆಂದು ಗಾಡಿ ಹತ್ತಿ ಹೋದರು.